ಹಣೆಯ ಬಿಲ್ಲೆ

ನನ್ನ ಕಣ್ಣಿನ ಬಗ್ಗೆ ನನಗೆ ಬಹಳ ಸೊಕ್ಕಿತ್ತು. ಈಗ ಪೂರಾ ಹೋಗಿದೆ ಅಂತಲ್ಲ, ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಹಾಗೆ ಈಗಲೂ ಚೂರು ಉಳಿದಿದೆ. ಬೆಟಗೇರಿಯ ನೇಕಾರ ಓಣಿಯಲ್ಲಿ ಮೂವತ್ತೈದು ವರ್ಷ ಕುಣಿಮಗ್ಗದಲ್ಲಿ ಕೂತು ಸೀರೆ ನೇಯ್ದವಳು ನಾನು. ಹಾಸಿನಲ್ಲಿ, ಅಂದರೆ ಮಗ್ಗದ ಉದ್ದಕ್ಕೂ ಬಿಗಿದ ನೂಲಿನಲ್ಲಿ, ಒಂದು ಎಳೆ ಹರಿದರೆ ಬೇರೆಯವರು ಕನ್ನಡಕ ಏರಿಸಿ, ಬ್ಯಾಟರಿ ಹಿಡಿದು ಹುಡುಕುತ್ತಾರೆ. ನಾನು ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಲೇ ಅದನ್ನು ಹಿಡಿದು, ಗಂಟು ಹಾಕಿ, ಹಣಿಗೆಯ ಅದೇ ಹಲ್ಲಿನೊಳಗೆ ತೂರಿಸಿಬಿಡುತ್ತಿದ್ದೆ. "ತಿಪ್ಪವ್ವನ ಕಣ್ಣಾಗ ಅಳತಿಪಟ್ಟಿ ಐತಿ" ಅಂತ ಸೀರೆ ವ್ಯಾಪಾರದವರು ಅನ್ನುತ್ತಿದ್ದರು. ಆ ಮಾತು ಕೇಳಿ ಕೇಳಿಯೇ ನಾನು ಕೆಟ್ಟೆ.

ಏನು ಮಾಡಿದೆ ಅಂತ ಹೇಳುತ್ತೇನೆ. ಮೊದಲು ನನ್ನ ತಮ್ಮ ಹೊನ್ನೇಶನ ಬಗ್ಗೆ ಹೇಳಬೇಕು.

ಹೊನ್ನೇಶ, ನನ್ನ ಬಾಯಲ್ಲಿ ಹೊನ್ಯಾ, ನನಗಿಂತ ಹದಿನಾರು ವರ್ಷಕ್ಕೆ ಸಣ್ಣವನು. ನಾನು ಮದುವೆಯಾದ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದೆ. ಬಂದ ಮರುವರ್ಷ ಅವ್ವ ತೀರಿಕೊಂಡಳು. ಅವನ ಮೂಗು ಒರೆಸಿದ್ದು, ಬೆನ್ನಿಗೆ ಗುದ್ದಿದ್ದು, ಶಾಲೆಗೆ ಅಟ್ಟಿದ್ದು ಎಲ್ಲ ನಾನೇ. ಮಗ್ಗದ ಕುಣಿಯಲ್ಲಿ ಕೂರಿಸಿದರೆ ಅವನ ಕಾಲು ನಿಲ್ಲುತ್ತಿರಲಿಲ್ಲ, ಬಾಯಂತೂ ನಿಂತದ್ದೇ ಇಲ್ಲ. ಕಡೆಗೆ ಆ ಬಾಯನ್ನೇ ಕಸುಬು ಮಾಡಿಕೊಂಡ. ಇಜಾಜ ಅಂತ ಅವನ ಗೆಳೆಯನ ಆಟೋದ ಮೇಲೆ ಎರಡು ಸ್ಪೀಕರ್ ಕಟ್ಟಿಕೊಂಡು, ಹಿಂದಿನ ಸೀಟಿನಲ್ಲಿ ಮೈಕು ಹಿಡಿದು ಕೂತು, ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಅಂತ ಊರೂರಿಗೆ ಹೋಗಿ ಸಾರುವ ಕೆಲಸ. ನಾಟಕ ಕಂಪನಿ ಕ್ಯಾಂಪು ಹಾಕಿದರೆ ಅವನು, ಬಟ್ಟೆ ಅಂಗಡಿ ಹೊಸದಾಗಿ ತೆರೆದರೆ ಅವನು, ಯಾರದೋ ಎಮ್ಮೆ ತಪ್ಪಿಸಿಕೊಂಡರೂ ಅವನೇ. ಬೇರೆಯವರು ಒಮ್ಮೆ ರೆಕಾರ್ಡ್ ಮಾಡಿ ಪೆನ್‌ಡ್ರೈವ್ ಚುಚ್ಚಿ ನಿದ್ದೆ ಹೊಡೆಯುತ್ತಾರೆ. ಇವನು ದಾರಿಯಲ್ಲಿ ಕಂಡವರನ್ನೆಲ್ಲ ಹೆಸರು ಹಿಡಿದು ಕರೆದು, ಕಾಲೆಳೆದು, ನಡುವೆ ನಾಟಕದ ಸುದ್ದಿ ಹೇಳುತ್ತಿದ್ದ. ಎರಡು ಕಡೆ ಅವನಿಗೆ ಹೆಣ್ಣು ನೋಡಿ ಬಂದೆ, ಇಬ್ಬರೂ ಇವನ ಬಾಯಿಗೆ ಹೆದರಿ ಒಲ್ಲೆ ಅಂದರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ಇವನು ಎರಡನ್ನೂ ಬಲ್ಲವನಾಗಿದ್ದ. ಆ ಗಾದೆ ಕಟ್ಟಿದವನು ಎದುರಿಗೆ ಸಿಕ್ಕರೆ ಸುಮ್ಮನೆ ಬಿಡುವವಳಲ್ಲ ನಾನು.

ಹೋದ ಶ್ರಾವಣದಲ್ಲಿ ಶುರುವಾಯಿತು. ಬೆಟಗೇರಿ ಪೇಟೆಯಲ್ಲಿ ಒಂದು ಅಂಗಡಿಯ ಸುದ್ದಿ ಸಾರುತ್ತಿದ್ದವನು "ಒಂದು ತಗೊಂಡ್ರ ಇನ್ನೊಂದು ಪುಕ್ಕಟೆ" ಅಂದ, ಏನು ತಗೊಂಡರೆ ಅಂತ ಹೇಳಲಾಗದೆ ನಿಂತ. ಸೀರೆ ಅನ್ನುವ ಶಬ್ದ ಬಾಯಿಗೆ ಬರಲಿಲ್ಲ, ಸೀರೆ ನೇಯುವವರ ಮನೆಯಲ್ಲಿ ಹುಟ್ಟಿದವನಿಗೆ. "ಅದರೀ... ಹೆಣ್ಮಕ್ಕಳು ಉಡ್ತಾರಲ್ಲ, ಅದು" ಅಂದ. ಜನ ತಮಾಷೆ ಅಂದುಕೊಂಡು ನಕ್ಕರು. ಮನೆಗೆ ಬಂದು ಇಜಾಜ ಹೇಳಿದಾಗ ನಾನೂ ನಕ್ಕೆ. ವಾರದ ಮೇಲೆ ಲಕ್ಕುಂಡಿಯಿಂದ ಬರುವಾಗ ಆಟೋದಲ್ಲೇ ಕೈಕಾಲು ಸೆಟೆದು ಫಿಟ್ಸ್ ಬಂತು. ಗದಗದಲ್ಲಿ ತಲೆಯ ಸ್ಕ್ಯಾನ್ ಮಾಡಿದವರು, ಇದು ಹುಬ್ಬಳ್ಳಿಯ ದೊಡ್ಡ ದವಾಖಾನೆಯ ಕೆಲಸ ಅಂದರು.

ಹುಬ್ಬಳ್ಳಿಯಲ್ಲಿ ತಲೆ ಆಪರೇಷನ್ ಮಾಡುವ ಡಾಕ್ಟರು ಸುಭಾಸ ಅಂತ, ನಮ್ಮ ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿಯವರು. ಒಕ್ಕಲುತನದ ಮನೆತನ, ನಮ್ಮ ಮಾತೇ ಆಡುತ್ತಿದ್ದರು. ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ ಮಾತಾಡುವ ಪೈಕಿ ಅಲ್ಲ.

"ಮೆದುಳಿನ ಎಡಕ್ಕ ಗಡ್ಡಿ ಬೆಳದೈತ್ರಿ ತಿಪ್ಪವ್ವಾರ" ಅಂದರು. "ಉಂಡಿಯಂಗ ಇದ್ದಿದ್ರ ಹಿಡಿದು ತಗದ ಬಿಡ್ತಿದ್ವಿ. ಇದು ಕರಕಿ ಹುಲ್ಲಿನ ಬೇರು ಹರಡಿದಂಗ ಹರಡೈತಿ. ಅದೂ ಮಾತಿನ ಜಾಗದಾಗ. ಆ ಜಾಗ ಎಲ್ಲಿಂದ ಎಲ್ಲಿತನಕ ಐತಿ ಅಂತ ಮೊದಲ ನೋಡ್ಕೋಬೇಕು."

ಅದಕ್ಕೆ ಬೇರೆ ಬೇರೆ ಥರದ ಸ್ಕ್ಯಾನ್ ಮಾಡಿದರು. ಒಂದರಲ್ಲಿ ಅವನನ್ನು ಆ ಕೊಳವೆಯಂಥ ಮಷಿನ್ನಿನೊಳಗೆ ಮಲಗಿಸಿ, ಚಿತ್ರ ತೋರಿಸಿ, ಅದರ ಹೆಸರನ್ನು ತುಟಿ ಅಲುಗಿಸದೆ ಮನಸ್ಸಿನಲ್ಲೇ ಅನ್ನಬೇಕು ಅಂದರು. ಹಾಗೆ ಅಂದಾಗ ಮೆದುಳಿನ ಯಾವ ಭಾಗಕ್ಕೆ ರಕ್ತ ಹೆಚ್ಚು ಹರಿಯುತ್ತದೋ ಅದೇ ಮಾತಿನ ಜಾಗ ಅಂತ ಮಷಿನ್ನಿಗೆ ತಿಳಿಯುತ್ತದಂತೆ. ಎರಡು ಸಲ ಕೆಟ್ಟಿತು. "ನನಗ ಬಾಯಿ ಮುಚ್ಕೊಂಡು ಮಾತಾಡಾಕ ಬರಂಗಿಲ್ರಿ" ಅಂದ ಹೊನ್ಯಾ. ಮಷಿನ್ ನಡೆಸುವವರೆಲ್ಲ ನಕ್ಕರು. ಮೂರನೆಯ ಸಲ ಹೇಗೋ ಆಯಿತು.

ಆಮೇಲೆ ಡಾಕ್ಟರು ನಮ್ಮಿಬ್ಬರನ್ನೂ ಕಂಪ್ಯೂಟರಿನ ಮುಂದೆ ಕೂರಿಸಿ ಒಂದು ಚಿತ್ರ ತೋರಿಸಿದರು. ತಲೆಯೊಳಗೆ ಕೆಂಪು, ನೀಲಿ, ಹಸಿರು ಎಳೆಗಳು, ಸಾವಿರಗಟ್ಟಲೆ. ಮೆದುಳಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುದ್ದಿ ಒಯ್ಯುವ ದಾರಿಗಳಂತೆ ಅವು. ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ, ಅದು ಹಾಸೇ. ಹಸಿರು ಎಳೆಗಳ ನಡುವೆ ಒಂದು ಕಡೆ ಮಬ್ಬು ಕವಿದಿತ್ತು. ಬೆರಳಿಟ್ಟು ತೋರಿಸಿದೆ.

"ಅದರೀ. ಆ ಹಸಿರು ಎಳಿ ಮಾತಿನ ದಾರಿ. ಗಡ್ಡಿ ಅದರ ಬಗಲಾಗ ನಿಂತಿಲ್ಲ, ಒಳಗ ಹೊಕ್ಕೈತಿ" ಅಂದ ಡಾಕ್ಟರು ಹೊನ್ನೇಶನ ಕಡೆ ತಿರುಗಿದರು. "ಎಚ್ಚರ ಇಟ್ಟ ಆಪರೇಷನ್ ಮಾಡ್ತೀವಿ. ನೀ ಮಾತಾಡ್ತಿರಬೇಕು. ಮಾತು ನಿಂತಲ್ಲಿ ನಾವು ಕೈ ಹಿಂದ ತಗೀತೀವಿ. ಹಂಗ ಮಾಡಿದ್ರ ಗಡ್ಡಿ ಒಂದಿಷ್ಟು ಉಳೀತೈತಿ, ಮುಂದ ಬೆಳೀಬಹುದು. ಪೂರಾ ತಗೀರಿ ಅಂದ್ರ ಮಾತು ಹೋಗಬಹುದು. ವಿಚಾರ ಮಾಡಿ ಹೇಳು."

"ಜೀವ ಮೊದಲರೀ" ಅಂದೆ ನಾನು. "ಮಾತು ತಗೊಂಡು ಏನು ಮಾಡೋದೈತಿ?"

"ಅಕ್ಕಾ, ತಲಿ ನಂದು" ಅಂದ ಅವನು. ಡಾಕ್ಟರಿಗೆ, "ಗಡ್ಡಿ ಉಳದ್ರ ಉಳೀಲಿ ಬಿಡ್ರಿ. ಮಾತು ಹೋದ ಮ್ಯಾಲೆ ನಮ್ಮ ಮನಿಗೆ ಹೋಗಿ ಕುಂಡ್ರಾವ ಯಾರೋ ಬ್ಯಾರೆ ಮನಶ್ಯಾ" ಅಂದ.

ನನಗೆ ಮೈ ಉರಿಯಿತು. ಹೊರಗೆ ಬಂದು ಅವನಿಗೆ ಬಾಯಿಗೆ ಬಂದಂತೆ ಬೈದೆ. ಅವನು ಚಹಾ ಕುಡಿಯುತ್ತ ನಗುತ್ತಿದ್ದ.

ಆಪರೇಷನ್ನಿನ ಹಿಂದಿನ ದಿನ ಅವನ ತಲೆಗೆ ಹತ್ತು ಬಿಲ್ಲೆ ಅಂಟಿಸಿದರು. ಸಣ್ಣ ದುಂಡನೆಯ ಬಿಲ್ಲೆಗಳು, ನಡುವೆ ತೂತು, ತೂತಿನಲ್ಲಿ ಶಾಯಿಯ ಚುಕ್ಕೆ. ಕೂದಲು ಬೋಳಿಸಿದ ಜಾಗದಲ್ಲಿ ಕೆಲವು, ಕಿವಿಯ ಹಿಂದೆ ಕೆಲವು, ಒಂದು ಸರಿಯಾಗಿ ಹಣೆಯ ನಡುವೆ. ಅವನ್ನು ಇಟ್ಟುಕೊಂಡೇ ಮತ್ತೊಂದು ಸ್ಕ್ಯಾನ್ ಆಯಿತು. "ನಾಳೆ ಒಳಗ ಕರಕೊಂಡು ಹೋಗೂತನಕ ಇವನ್ನ ಯಾರೂ ಮುಟ್ಟಬಾರದ್ರಿ" ಅಂದಳು ನರ್ಸು. ಯಾಕೆ ಅಂತಲೂ ಹೇಳಿದಳು. ನಾನು ಅರ್ಧ ಕೇಳಿದೆ, ಇನ್ನರ್ಧ ಹೊತ್ತು ಅವನ ಬೋಳು ತಲೆ ನೋಡುತ್ತಿದ್ದೆ.

ಮರುದಿನ ಬೆಳಿಗ್ಗೆ ಆರಕ್ಕೆ ಎದ್ದು ಅವನ ಮುಖ ಒರೆಸಿದೆ. ನಮ್ಮ ಮನೆಯಲ್ಲಿ ಒಂದು ರೂಢಿ. ದೊಡ್ಡ ಕೆಲಸಕ್ಕೆ ಹೊರಡುವ ಗಂಡಸಿಗೆ ಮನೆಯ ಹಿರಿಯ ಹೆಂಗಸು ತನ್ನ ಕೈಯಿಂದ ಹಣೆಗೆ ಈಬತ್ತಿ ಹಚ್ಚಬೇಕು, ವಿಭೂತಿಯ ಮೂರು ಗೆರೆ, ಈ ಕಡೆಯಿಂದ ಆ ಕಡೆಗೆ, ಎಳೆಯುವಾಗ ನಡುವೆ ಮುರಿಯಬಾರದು. ಗೆರೆ ಮುರಿದರೆ ಹೋದ ಕೆಲಸ ಮುರಿಯುತ್ತದೆ ಅಂತ ಅವ್ವ ಹೇಳುತ್ತಿದ್ದಳು. ಅಪ್ಪ ಮೊದಲ ಸಲ ಸೀರೆಯ ಗಂಟು ಹೊತ್ತು ಪೇಟೆಗೆ ಹೊರಟಾಗಿನಿಂದ ಹೊನ್ಯಾ ಮೊದಲ ಸಲ ಮೈಕು ಹಿಡಿಯುವತನಕ ಅದು ತಪ್ಪಿರಲಿಲ್ಲ. ಈಗ ನೋಡಿದರೆ ಹಣೆಯ ನಡುವೆ ಈ ಬಿಲ್ಲೆ.

ಉಗುರಿನಿಂದ ಮೆಲ್ಲಗೆ ಎಬ್ಬಿಸಿದೆ.

"ಅಕ್ಕಾ, ಮುಟ್ಟಬಾರದು ಅಂದಾರ" ಅಂದ.

"ಸುಮ್ಕಿರು. ಎಲ್ಲಿತ್ತೋ ಅಲ್ಲೇ ಹಚ್ತೀನಿ. ನನ್ನ ಕಣ್ಣು ನಿನಗ ಗೊತ್ತಿಲ್ಲೇನು?"

"ಗೊತ್ತವ, ಗೊತ್ತು. ಅಳತಿಪಟ್ಟಿ" ಅಂದು ಕಣ್ಣು ಮುಚ್ಚಿದ.

ಮೂರು ಗೆರೆ ಎಳೆದೆ. ಅವು ಒಣಗುವತನಕ ಅವನ ಮುಖ ನೋಡುತ್ತ ನಿಂತೆ. ಆಮೇಲೆ ಬಿಲ್ಲೆಯ ಜಾಗವನ್ನಷ್ಟೇ ಒದ್ದೆ ಬಟ್ಟೆಯಿಂದ ಒರೆಸಿದೆ, ಹಾಗೆ ಒರೆಸುವಾಗ ಶಾಯಿಯ ಚುಕ್ಕೆಯೂ ಹೋಯಿತು. ಹೋದರೆ ಹೋಯಿತು, ನನಗೆ ಚುಕ್ಕೆ ಯಾಕೆ? ಎರಡು ಹುಬ್ಬಿನ ನಡುವಿನಿಂದ ಕಣ್ಣಳತೆ ಹಿಡಿದು ಬಿಲ್ಲೆಯನ್ನು ಒತ್ತಿದೆ, ಕೂತಿತು. ಯಾರಿಗೂ ಹೇಳಬೇಡ ಅಂದೆ. ಏಳಕ್ಕೆ ಅವನನ್ನು ಒಳಗೆ ಕರೆದುಕೊಂಡು ಹೋದರು.

ಹೊರಗೆ ಕಾಯುವ ಜಾಗದಲ್ಲಿ ನನ್ನ ಪಕ್ಕ ಲಕ್ಷ್ಮೇಶ್ವರದ ಮಹಬೂಬಸಾಬ ಅಂತ ಒಬ್ಬರು ಕೂತಿದ್ದರು, ಬಳೆ ಅಂಗಡಿಯವರು. ಅವರ ಮಗಳು ಫಿಜಾಳಿಗೆ ಹಿಂದಿನ ವರ್ಷ ಇಂಥದೇ ಆಪರೇಷನ್ ಆಗಿತ್ತು, ತೋರಿಸಲಿಕ್ಕೆ ಬಂದಿದ್ದರು. ಒಳ್ಳೆಯ ಮನುಷ್ಯ, ನನಗೆ ಧೈರ್ಯ ಹೇಳಲಿಕ್ಕೆಂದೇ ಮಾತು ತೆಗೆದರು.

"ಹೆದರಬ್ಯಾಡ್ರಿ ಅಕ್ಕಾರ. ಈಗ ಕುರುಡಗೈಲೆ ಮಾಡಂಗಿಲ್ಲ. ತಲಿ ಮ್ಯಾಲೆ ಬಿಲ್ಲಿ ಹಚ್ಚಿರ್ತಾರಲ್ಲರೀ, ಒಂದು ಕಡ್ಡಿಲೆ ಅವನ್ನ ಒಂದೊಂದ ಮುಟ್ಟಿ ಕಂಪ್ಯೂಟರಿಗೆ ತೋರಸ್ತಾರ. ಆವಾಗ ಅದು ತಲಿಗೂ ಸ್ಕ್ಯಾನಿಗೂ ಹೊಂದಸ್ತೈತಿ. ಆಮ್ಯಾಲೆ ಒಳಗ ಕಡ್ಡಿ ಎಲ್ಲಿ ಐತಿ ಅನ್ನೋದು ಪರದಾದ ಮ್ಯಾಲೆ ಖರೆ ಖರೆ ಕಾಣತೈತಿ. ಬಿಲ್ಲಿ ಒಂದ ಎಳಿಯಷ್ಟೂ ಸರದಿರಬಾರದು, ಅಷ್ಟ."

ಎದ್ದು ಆಪರೇಷನ್ ಕೋಣೆಯ ಬಾಗಿಲ ತನಕ ಹೋದೆ. ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಬಾಗಿಲು ಬಡಿಯಬೇಕಿತ್ತು, ಕೂಗಿ ಹೇಳಬೇಕಿತ್ತು. ಊರಲ್ಲಿ ಜಗಳಕ್ಕೆ ನಿಂತರೆ ನನ್ನ ಬಾಯಿ ನಾಲ್ಕು ಓಣಿಗೆ ಕೇಳುತ್ತದೆ. ಅವತ್ತು ಆ ಬಾಗಿಲಿನ ಮುಂದೆ ನನಗೆ ದನಿ ಬರಲಿಲ್ಲ. ಬೈಸಿಕೊಳ್ಳುವ ಹೆದರಿಕೆ ಒಂದು. ಸರಿಯಾಗಿಯೇ ಹಚ್ಚಿದ್ದೇನೆ ಅನ್ನುವ ಸೊಕ್ಕು ಇನ್ನೊಂದು. ತಿರುಗಿ ಬಂದು ಕೂತೆ.

ಆರು ತಾಸಿನ ಮೇಲೆ ಡಾಕ್ಟರು ಹೊರಗೆ ಬಂದರು. "ಬೇಸ್ ಆಗೈತ್ರಿ. ಮಾತು ಉಳದೈತಿ. ಮಾತಿನ ಎಳಿಗೆ ಹತ್ತಿದ ಗಡ್ಡಿ ಒಂದಿಷ್ಟು ಬಿಡಬೇಕಾತು. ಅದಕ್ಕ ಕರೆಂಟ್ ಕೊಡೋಣು" ಅಂದರು.

ಒಂದಿಷ್ಟು ಬಿಡಬೇಕಾತು. ಮಾತು ಉಳಿಸಲಿಕ್ಕೆ ಬಿಟ್ಟೆವು ಅಂತ ಅವರು ಹೇಳಿದ್ದನ್ನು ನಾನು ನಂಬಲಿಲ್ಲ. ನನ್ನ ಬಿಲ್ಲೆ ಕಂಪ್ಯೂಟರಿನ ದಾರಿ ತಪ್ಪಿಸಿದೆ, ಗಡ್ಡೆ ಒಂದು ಕಡೆ ಇದ್ದರೆ ಇವರು ಇನ್ನೊಂದು ಕಡೆ ಹುಡುಕಿದ್ದಾರೆ, ಅದಕ್ಕೇ ಉಳಿದಿದೆ. ಹೀಗೆಯೇ ನನಗೆ ಖಾತ್ರಿಯಾಯಿತು. ಯಾರಿಗೂ ಹೇಳಲಿಲ್ಲ. ಹೊನ್ಯಾನ ಜೊತೆಯೂ ಆ ಮಾತು ತೆಗೆಯಲಿಲ್ಲ, ಅವನೂ ತೆಗೆಯಲಿಲ್ಲ.

ಕರೆಂಟ್ ಕೊಡುವುದು ಅಂದರೆ ಗಡ್ಡೆಯ ಜಾಗಕ್ಕೆ ಕಿರಣ ಬಿಡುವುದು. ಆರು ವಾರ, ವಾರಕ್ಕೆ ಐದು ದಿನ, ದಿನಾ ಬೆಳಿಗ್ಗೆ ಗದಗದಿಂದ ಬಸ್ಸಿಗೆ ಹೋಗಿ ಸಂಜೆಗೆ ಬರುತ್ತಿದ್ದೆವು. ಅಲ್ಲಿ ಬಿಳಿ ಜಾಳಿಗೆಯೊಂದನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ ಅವನ ಮುಖದ ಮೇಲೆ ಎಳೆದರು, ಆರಿದ ಮೇಲೆ ಅದು ಅವನ ಮುಖದ್ದೇ ಅಚ್ಚಾಯಿತು. ದಿನಾ ಅದನ್ನು ತೊಡಿಸಿ, ಮೇಜಿಗೆ ಬಿಗಿದು, ತಲೆ ಅಲುಗದಂತೆ ಮಾಡಿ, ಸ್ಕ್ಯಾನಿನ ಲೆಕ್ಕಕ್ಕೆ ಸರಿಯಾಗಿ ಕಿರಣ ಬಿಡುತ್ತಿದ್ದರು. ಗುರುತುಗಳೆಲ್ಲ ಆ ಜಾಳಿಗೆಯ ಮೇಲೆ, ಅವನ ಮೈಮೇಲೆ ಒಂದೂ ಇರಲಿಲ್ಲ. ಅಲ್ಲಿ ನಾನು ಕೆಡಿಸುವಂಥದ್ದು ಏನೂ ಇರಲಿಲ್ಲ. ಅದನ್ನು ನೋಡಿ ನನಗೆ ಸಮಾಧಾನವೂ ಆಗುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಆಮೇಲೆ ನಾಲ್ಕು ತಿಂಗಳು ಚೆನ್ನಾಗಿ ಹೋದವು. ಅವನು ಮತ್ತೆ ಮೈಕು ಹಿಡಿದ. ಒಂದು ಮಧ್ಯಾಹ್ನ ನಾನು ಮಗ್ಗದಲ್ಲಿದ್ದೆ, ಇಜಾಜನ ಆಟೋ ನಮ್ಮ ಓಣಿಗೇ ಬಂತು. "ಸಮಸ್ತ ನಾಗರಿಕರಲ್ಲಿ ವಿನಂತಿ. ನೇಕಾರ ಓಣಿಯ ತಿಪ್ಪವ್ವನವರು ಇಂದು ಬದನೆಕಾಯಿ ಎಣ್ಣೆಗಾಯಿ ಮಾಡಿರುತ್ತಾರೆ. ಉಪ್ಪು ಹಾಕಲು ಮರೆತಿರುವ ಸಂಭವ ಇರುತ್ತದೆ. ಆದರೂ ಸರ್ವರೂ ಬಂದು ಸಹಕರಿಸಬೇಕು." ಓಣಿಗೆ ಓಣಿಯೇ ಹೊರಗೆ ಬಂದು ನಕ್ಕಿತು. ನಾನು ಕಸಬರಿಗೆ ಹಿಡಿದು ಓಡಿದೆ. ಅವತ್ತು ರೊಟ್ಟಿ ಬಡಿಯುತ್ತ ನನಗೆ ನಾನೇ ಹೇಳಿಕೊಂಡೆ, ಬಿಲ್ಲೆ ಸರಿಯಾಗಿಯೇ ಕೂತಿತ್ತು, ಎಲ್ಲ ಸರಿಯಾಯಿತು.

ಆದರೂ ಆಪರೇಷನ್ ಆದಾಗಿನಿಂದ ನಾನು ಅವನ ಹಣೆ ಮುಟ್ಟಿರಲಿಲ್ಲ. ಮೊದಲ ದಿನ ಮೈಕು ಹಿಡಿಯಲು ಹೊರಟಾಗ ಬಂದು ಮುಂದೆ ನಿಂತ. "ಈಬತ್ತಿ ಹಚ್ಚವಾ" ಅಂದ. ಕೈ ಹಿಟ್ಟಾಗೈತಿ, ನೀನ ಹಚ್ಕೋ ಅಂದೆ. ಆಮೇಲೆ ಎರಡು ಸಲ ಕೇಳಿದ, ಎರಡು ಸಲವೂ ಏನೋ ನೆವ ಹೇಳಿದೆ. ಮತ್ತೆ ಕೇಳುವುದನ್ನು ಬಿಟ್ಟ.

ಯುಗಾದಿ ಆದ ಮೇಲೆ ಒಂದು ದಿನ ಉಣ್ಣುವಾಗ ನೀರಿನ ತಂಬಿಗೆ ತೋರಿಸಿ "ಅದು ಕೊಡು" ಅಂದ. ನಾನು ಕೊಡಲಿಲ್ಲ. "ಏನು ಕೊಡಲಿ, ಹೆಸರು ಹೇಳು" ಅಂದೆ. ಅವನು ನಕ್ಕ, ಆಮೇಲೆ ನಗು ನಿಂತಿತು. ಹೆಸರು ಬರಲಿಲ್ಲ. ಮೊದಲು ಸಾಮಾನಿನ ಹೆಸರು ಹೋದವು, ಆಮೇಲೆ ಊರಿನ ಹೆಸರು. ಶಿರಹಟ್ಟಿಗೆ ಹೋಗಿ ಬಂದು, ಎಲ್ಲಿಗೆ ಹೋಗಿದ್ದೆ ಅಂದರೆ ಕೈ ಆ ಕಡೆ ತೋರಿಸುತ್ತಿದ್ದ. ಒಂದು ದಿನ ಮೈಕನ್ನು ಮನೆಗೆ ತಂದು ಗೋಡೆಯ ಮಾಡದೊಳಗೆ ಇಟ್ಟ. ಇಜಾಜ ಅವನ ಹಳೆಯ ರೆಕಾರ್ಡನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ತಿರುಗಲು ಶುರುಮಾಡಿದ. ನಾನು ಬೈದೆ. "ಅವನೇ ಹಾಕ್ಕೋ ಅಂದಾನರೀ ಅಕ್ಕಾ" ಅಂದ ಇಜಾಜ, ಕಣ್ಣು ಒರೆಸಿಕೊಂಡ.

ವೈಶಾಖದಲ್ಲಿ ಮತ್ತೆ ಸ್ಕ್ಯಾನ್ ಮಾಡಿಸಿದರು. ಡಾಕ್ಟರ ಹತ್ತಿರ ಹೋಗುವ ದಿನ ಬಸ್ಸಿನಲ್ಲಿ ಕೂತು ನಾನು ಗಟ್ಟಿ ಮನಸ್ಸು ಮಾಡಿದೆ. ಇವತ್ತು ಹೇಳಿಬಿಡಬೇಕು. ಬೈಯಲಿ, ಬೇಕಾದರೆ ಪೊಲೀಸರಿಗೆ ಕೊಡಲಿ. ತಪ್ಪು ನನ್ನದು ಅಂತ ಗೊತ್ತಾದರೆ ಇನ್ನೊಮ್ಮೆ ಬಿಲ್ಲೆ ಹಚ್ಚಿ, ಇನ್ನೊಮ್ಮೆ ಸರಿಯಾದ ದಾರಿ ಹಿಡಿದು ಹೋಗಿ, ಉಳಿದದ್ದನ್ನು ತೆಗೆಯಬಹುದಲ್ಲ. ಈ ಆಸೆಯೊಂದನ್ನು ನಾನು ಎಂಟು ತಿಂಗಳು ಯಾರ ಕಣ್ಣಿಗೂ ಬೀಳದಂತೆ ಸಾಕಿದ್ದೆ. ಅದು ತಪ್ಪಿನ ಬೆನ್ನ ಹಿಂದೆ ಅಡಗಿಕೊಂಡು ಬೆಳೆದಿತ್ತು.

ಹೊನ್ನೇಶನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಒಬ್ಬಳೇ ಒಳಗೆ ಹೋದೆ.

"ಕುಂಡ್ರಿ ತಿಪ್ಪವ್ವಾರ" ಅಂದರು ಡಾಕ್ಟರು. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ. ಈಬತ್ತಿ, ಉಗುರು, ಶಾಯಿಯ ಚುಕ್ಕೆ, ಕಣ್ಣಳತೆ, ಕೆಂಪು ದೀಪ, ಒಂದೂ ಬಿಡಲಿಲ್ಲ.

ಅವರು ಬೈಯಲಿಲ್ಲ. ಕಂಪ್ಯೂಟರಿನಲ್ಲಿ ಏನೋ ಹುಡುಕಿ, ನನ್ನನ್ನು ಹತ್ತಿರ ಕರೆದರು. ಪರದೆಯ ಮೇಲೆ ಅವನ ತಲೆ, ತಲೆಯ ಮೇಲೆ ಹತ್ತು ಚುಕ್ಕೆ. ಒಂಬತ್ತು ಹಸಿರು. ಹಣೆಯ ಮೇಲಿನದು ಕೆಂಪು.

"ಇದ ನೋಡ್ರಿ ನೀವು ತಗದ ಬಿಲ್ಲಿ. ಏಳು ಮಿಲಿಮೀಟರ್ ಸರದಿತ್ತು. ಮುಟ್ಟಿದ ಕೂಡ್ಲೆ ಕಂಪ್ಯೂಟರ್ ಒಪ್ಪಲಿಲ್ಲ. ಅದನ್ನ ಲೆಕ್ಕದಿಂದ ತಗದು, ಉಳದ ಒಂಬತ್ತರ ಮ್ಯಾಲೆ ಹೊಂದಿಸಿದ್ವಿ. ಅವು ಸಾಕಾಗಿದ್ವು. ಎರಡು ಸಲ ತಪಾಸ ಮಾಡಿ, ಸರಿ ಐತಿ ಅಂತ ಖಾತ್ರಿ ಆದ ಮ್ಯಾಲೆ ಶುರು ಮಾಡಿದ್ವಿ."

ಏಳು ಮಿಲಿಮೀಟರ್. ನನ್ನ ಹಣಿಗೆಯಲ್ಲಿ ಅಷ್ಟು ಜಾಗದಲ್ಲಿ ಹದಿನೈದಿಪ್ಪತ್ತು ಎಳೆ ಕೂರುತ್ತವೆ. ಅಷ್ಟು ತಪ್ಪಿತ್ತು ನನ್ನ ಕಣ್ಣು. ಅಂಥ ಹೊತ್ತಿನಲ್ಲೂ ನನಗೆ ಮೊದಲು ನಾಚಿಕೆಯಾದದ್ದು ಅದಕ್ಕೆ.

"ಯಾರು ತಗದ್ರು ಅಂತ ಅವನ್ನ ಕೇಳಿದ್ವಿ" ಅಂದರು ಡಾಕ್ಟರು. "ತುರಿಕಿ ಬಂದಿತ್ರಿ, ನಾನ ಕೆರಕೊಂಡು ಕಿತ್ತೆ, ನಾನ ಹಚ್ಕೊಂಡೆ ಅಂದಾ. ಫೈಲಿನಾಗ ಹಂಗ ಬರದೀವಿ."

ಹಾಗಾದರೆ ಉಳಿದ ಗಡ್ಡೆ ಯಾಕೆ ಉಳಿಯಿತು ಅಂತ ಕೇಳಿದೆ.

"ಅದು ನಮಗ ಕಂಡಿತ್ರಿ. ಗೊತ್ತಿದ್ದೇ ಬಿಟ್ವಿ. ಅವ ಒಳಗ ಸುಮ್ನ ಮಕ್ಕೊಂಡಿರಲಿಲ್ಲ, ನಮಗೆಲ್ಲ ನಾಟಕದ ಜಾಹೀರಾತು ಹೇಳಾಕತ್ತಿದ್ದ. ಆ ಜಾಗ ಮುಟ್ಟಿದಾಗೆಲ್ಲ ನಡುವ ನಿಲ್ತಿದ್ದ. ಕೈ ತಗದ್ರ ನಿಂತಲ್ಲಿಂದ ಮತ್ತ ಹೇಳ್ತಿದ್ದ. ಮೂರು ಸಲ ನೋಡಿದ್ವಿ. ಅವನು ಮೊದಲ ಹೇಳಿದ್ನಲ್ಲರೀ, ಮಾತು ತಗೀಬ್ಯಾಡ್ರಿ ಅಂತ. ಅಲ್ಲಿಗೆ ನಿಲ್ಲಿಸಿದ್ವಿ. ನಿಮ್ಮ ತಪ್ಪೂ ಇಲ್ಲ, ಯಾರ ತಪ್ಪೂ ಇಲ್ಲ."

"ಇಲ್ರಿ, ತಪ್ಪು ನಂದರೀ" ಅಂದೆ. ನನ್ನ ದನಿ ಏರಿತು. "ನೀವು ನನ್ನ ಮ್ಯಾಲೆ ಕನಿಕರಾ ಮಾಡಿ ಹಿಂಗ ಹೇಳಾಕತ್ತೀರಿ. ಇನ್ನೊಮ್ಮೆ ಮಾಡ್ರಿ. ಈ ಸಲ ನಾ ಮುಟ್ಟಂಗಿಲ್ಲ. ದವಾಖಾನಿಗೇ ಬರಂಗಿಲ್ಲ, ಬೆಟಗೇರ್‍ಯಾಗ ಇರ್ತೀನಿ. ಇಜಾಜ ಕರಕೊಂಡು ಬರ್ತಾನ."

ಡಾಕ್ಟರು ಎದ್ದು ಬಂದು ನನ್ನನ್ನು ತೋಳು ಹಿಡಿದು ಕೂರಿಸಿದರು. ಹೊಸ ಸ್ಕ್ಯಾನ್ ತೆರೆದು ತೋರಿಸಿದರು. ಹೋದ ಸಲ ನಾನು ಬೆರಳಿಟ್ಟು ತೋರಿಸಿದ್ದ ಹಸಿರು ಹಾಸು ಅಲ್ಲಿರಲಿಲ್ಲ. ಅಲ್ಲೊಂದು ಇಲ್ಲೊಂದು ತುಂಡು ಎಳೆ, ನಡುವೆಲ್ಲ ಮಬ್ಬು. ಮಬ್ಬು ಆ ಎಳೆಗಳ ಗುಂಟವೇ ಹರಿದು ಆಚೆ ಬದಿಗೂ ದಾಟಿತ್ತು. ಇನ್ನೊಂದು ಆಪರೇಷನ್ನಿಗೆ ಜಾಗ ಉಳಿದಿಲ್ಲ ಅಂದರು. ತಲೆ ತಡೆಯುವಷ್ಟು ಕರೆಂಟ್ ಆಗಲೇ ಕೊಟ್ಟಾಗಿದೆ ಅಂದರು. ತಲೆನೋವಿಗೆ, ಫಿಟ್ಸಿಗೆ ಗುಳಿಗೆ ಬರೆದುಕೊಟ್ಟರು.

"ಎಷ್ಟು ದಿನಾರೀ?"

"ಮಳಿಗಾಲ ಮುಗಿಯೂತನಕ ಅನ್ನೋದೂ ಕಷ್ಟರೀ" ಅಂದರು.

ಮಗ್ಗದಲ್ಲಿ ತಪ್ಪಾದರೆ ನನಗೆ ಎಂದೂ ಹೆದರಿಕೆಯಾಗಿಲ್ಲ. ಎಲ್ಲಿ ತಪ್ಪಿದೆ ಅಂತ ಗೊತ್ತಾದರೆ ಸಾಕು, ಅಲ್ಲಿಯ ತನಕ ಬಿಚ್ಚಿ ಮತ್ತೆ ನೇಯುತ್ತೇನೆ. ತಪ್ಪು ನನ್ನದಾಗಿರಲಿ ದೇವರೇ ಅಂತ ನಾನು ಬೇಡಿಕೊಂಡು ಬಂದಿದ್ದು ಅದಕ್ಕೇ. ಡಾಕ್ಟರು ಅದನ್ನೂ ನನ್ನ ಕೈಯಿಂದ ತೆಗೆದುಕೊಂಡರು. ತಪ್ಪೇ ಇಲ್ಲ ಅಂದಮೇಲೆ ಎಲ್ಲಿಂದ ಬಿಚ್ಚಲಿ? ಚೀಟಿ ಮಡಚಿ ಎಲೆಚೀಲದಲ್ಲಿ ಈಬತ್ತಿಯ ಪಕ್ಕ ಇಟ್ಟುಕೊಂಡು ಹೊರಗೆ ಬಂದೆ.

ಅವನು ಬೆಂಚಿನ ಮೇಲೆ ಬಿಟ್ಟ ಹಾಗೆಯೇ ಕೂತಿದ್ದ. ಕೈ ಹಿಡಿದು ಬಸ್ ನಿಲ್ಲುವಲ್ಲಿಗೆ ಕರೆದುಕೊಂಡು ಬಂದೆ. ಅಲ್ಲಿ ಕಟ್ಟೆಯ ಮೇಲೆ ಕೂರಿಸಿದ ಮೇಲೆ ಕೇಳಿದೆ.

"ಹೊನ್ಯಾ, ಆ ಬಿಲ್ಲಿ ತಗದಾಕಿ ನಾನು. ನೀ ಯಾಕ ನಿನ್ನ ಮೈಮ್ಯಾಲೆ ಹಾಕ್ಕೊಂಡ್ಯೋ?"

ಅವನಿಗೆ ತಿಳಿಯಿತು. ತಿಳಿಯುವುದು ಇನ್ನೂ ಹೋಗಿಲ್ಲ, ಅದೇ ದೊಡ್ಡ ಶಿಕ್ಷೆ. ನನ್ನ ಮುಖ ನೋಡಿದ, ತುಟಿ ಅಲುಗಿಸಿದ. ಶಬ್ದ ಬರಲಿಲ್ಲ. ಆಮೇಲೆ ತಲೆ ಬಗ್ಗಿಸಿ ಹಣೆಯನ್ನು ನನ್ನ ಮುಂದೆ ಹಿಡಿದು, ಬೆರಳಿನಿಂದ ತೋರಿಸಿದ, ಈ ಕಡೆಯಿಂದ ಆ ಕಡೆಗೆ.

ಎಲೆಚೀಲದಿಂದ ಈಬತ್ತಿ ತೆಗೆದೆ. ಎಂಟು ತಿಂಗಳ ಮೇಲೆ ಅವನ ಹಣೆ ಮುಟ್ಟಿದೆ. ಮೂರು ಬೆರಳಿನಿಂದ ಎಳೆದಾಗ ನಡುವೆ ಎಲ್ಲೂ ತಡೆಯಲಿಲ್ಲ. ಗೆರೆ ಮುರಿಯಲಿಲ್ಲ.

ಅವನು ತಲೆ ಎತ್ತಿ, ನನಗೆ ಏನೋ ಹೇಳಬೇಕು ಅಂತ ಬಾಯಿ ತೆರೆದ. ನಾನು ಕಾಯುತ್ತ ಕೂತೆ. ಗದಗದ ಬಸ್ಸು ಬಂದು ನಿಂತಿತು, ಕಂಡಕ್ಟರು ಊರಿನ ಹೆಸರು ಕೂಗಿದ, ಬಸ್ಸು ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಅವನ ಬಾಯಿ ತೆರೆದೇ ಇತ್ತು.